ರೂಮ್‌ಮೇಟ್ ಕುಡೀತಾನೆ, ವಾರ್ಡನ್‌ಗೆ ಹೇಳ್ಲಾ?

ಪ್ರಶ್ನೆ: ಅಕ್ಕಾ, ನಾನು ದಾವಣಗೆರೇಲಿ ಇಂಜಿನಿಯರಿಂಗ್ ಐದನೇ ಸೆಮ್, ಹಾಸ್ಟೆಲ್‌ನಲ್ಲಿರೋದು. ನನ್ ರೂಮ್‌ಮೇಟ್ ಚಳ್ಳಕೆರೆ ಕಡೆಯವ್ನು, ಮೊದ್ಲು ಶನಿವಾರ ಮಾತ್ರ ಎಣ್ಣೆ ಹಾಕ್ತಿದ್ದ, ಈಗ ವಾರದ ನಡುವೆನೂ ಬ್ಯಾಗಲ್ಲಿ ಕ್ವಾರ್ಟರ್ ಇಟ್ಕೊಂಡು ಬರ್ತಾನೆ, ಬೆಳಿಗ್ಗೆ ಏಳಲ್ಲ, ಕ್ಲಾಸಲ್ಲಿ ಅವನ ಹಾಜರಿ (ಪ್ರಾಕ್ಸಿ) ನಾನೇ ಕೂಗ್ಬೇಕು. ಅವರಮ್ಮ ನಂಗೆ ಫೋನ್ ಮಾಡಿ ‘ಫೋನ್ ಯಾಕೆ ಎತ್ತಲ್ಲಪಾ ಅವ್ನು’ ಅಂತಾರೆ, ಲೈಬ್ರರೀಲಿದಾನೆ ಆಂಟಿ ಅಂತೀನಿ. ಹೋದ ವಾರ ಹೈವೇ ಢಾಬಾದಿಂದ ಫುಲ್ ಟೈಟಾಗಿ ಬೈಕ್ ಓಡಿಸ್ಕೊಂಡು ಬಂದ. ವಾರ್ಡನ್‌ಗೆ ಹೇಳಿದ್ರೆ ಹುಡುಗ್ರೆಲ್ಲ ಚಾಡಿಕೋರ ಅಂತಾರೆ, ಅವನನ್ನ ಹೊರಗೆ ಹಾಕಿದ್ರೆ ಆ ಪಾಪ ನಂಗೆ. ಏನ್ ಮಾಡ್ಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ತಮ್ಮಾ, ಹೇಳ್ಬೇಕು. ಆದ್ರೆ ಯಾರಿಗೆ ಅನ್ನೋದ್ರಲ್ಲೇ ಎಲ್ಲಾ ಇರೋದು. ವಾರ್ಡನ್ ಕೈಲಿ ಇರೋದೇ ಎರಡೋ ಮೂರೋ ದಾರಿ: ಫೈನ್ ಹಾಕೋದು, ಮನೆಯವ್ರನ್ನ ಕರ್ಸೋದು, ರೂಮ್ ಖಾಲಿ ಮಾಡ್ಸೋದು. ಖಾಲಿ ಮಾಡ್ಸಿದ್ರೆ ಹುಡುಗ ಕುಡಿಯೋದು ಬಿಡ್ತಾನಾ? ವಿದ್ಯಾನಗರದಲ್ಲೋ ಇನ್ನೆಲ್ಲೋ ಒಂದು ಬಾಡಿಗೆ ರೂಮ್ ಹಿಡೀತಾನೆ, ಅಲ್ಲಿ ರಾತ್ರಿ ಹಾಜರಿ ತಗೊಳ್ಳೋರು ಇಲ್ಲ, ಪಕ್ಕದ ಮಂಚದಲ್ಲಿ ನಿನ್ನಂಥೋನೂ ಇರಲ್ಲ. ಅದಕ್ಕೇ ನಾನು ವಾರ್ಡನ್ ಹೆಸರು ಮೊದ್ಲಿಗೆ ಹೇಳ್ತಿಲ್ಲ.

ಮೊದ್ಲು ಅವ್ನ ಹತ್ರನೇ ಮಾತಾಡು. ಕುಡಿದಿದ್ದಾಗ ಬೇಡ, ಆಗ ನೀನು ಹೇಳಿದ್ದು ಯಾವ್ದೂ ಅವ್ನಿಗೆ ನೆನಪಿರಲ್ಲ, ಜಗಳ ಮಾತ್ರ ನೆನಪಿರುತ್ತೆ. ಭಾನುವಾರ ಬೆಳಿಗ್ಗೆ ದೋಸೆ ತಿನ್ನೋಕೆ ಅಂತ ಹೊರಗೆ ಕರ್ಕೊಂಡ್ ಹೋಗು, ಅಲ್ಲಿ ಬುದ್ಧಿ ಹೇಳ್ಬೇಡ, ಎರಡೇ ಮಾತು ಹೇಳು: ‘ಇನ್ಮೇಲೆ ಪ್ರಾಕ್ಸಿ ಕೂಗಲ್ಲ, ನಿಮ್ಮಮ್ಮನ ಹತ್ರ ಸುಳ್ಳು ಹೇಳಲ್ಲ.’ ನಿಮ್ಮದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಾದ್ರೆ 85% ಅಟೆಂಡೆನ್ಸ್ ಬೇಕು ಅಂತ ಗೊತ್ತಲ್ಲ, ನೀನು ಪ್ರಾಕ್ಸಿ ಕೂಗಿ ಕೂಗಿ ಆ ಶಾರ್ಟೇಜ್ ಯಾರ ಕಣ್ಣಿಗೂ ಬೀಳದಂಗೆ ಮಾಡಿದೀಯ, ಅದು ಬಿದ್ದಿದ್ರೆ ಇಷ್ಟೊತ್ತಿಗೆ ಕಾಲೇಜೇ ಮನೆಗೆ ಫೋನ್ ಮಾಡ್ತಿತ್ತೇನೋ. (ಇದು ಬೈಗುಳ ಅಲ್ಲ, ಸ್ನೇಹಿತರು ಮಾಡೋದೇ ಇದು.) ಅವರಮ್ಮ ಮತ್ತೆ ಫೋನ್ ಮಾಡಿದ್ರೆ ವರದಿ ಒಪ್ಪಿಸ್ಬೇಕಾಗಿಲ್ಲ, ‘ಆಂಟಿ, ಒಂದ್ಸಲ ನೀವೇ ಬಂದು ನೋಡ್ಕೊಂಡು ಹೋಗಿ’ ಅಂದ್ರೆ ಸಾಕು, ತಾಯಿಗೆ ಅರ್ಥ ಆಗುತ್ತೆ.

ಅದಕ್ಕೂ ಬಗ್ಗದಿದ್ರೆ ಮೆಂಟರ್ ಅಂತ ಒಬ್ರು ಮೇಷ್ಟ್ರು ಇರ್ತಾರಲ್ಲ, ಅವ್ರ ಕ್ಯಾಬಿನ್‌ಗೆ ಒಬ್ನೇ ಹೋಗಿ ಹೇಳು, ನೋಡಿದ್ದಷ್ಟೇ ಹೇಳು, ‘ಸರ್, ನನ್ ಹೆಸರು ಹೊರಗೆ ಬರ್ಬಾರ್ದು’ ಅಂತ ಮುಂಚೆನೇ ಹೇಳ್ಬಿಡು. ಗ್ರೂಪಲ್ಲಿ ಹಾಕ್ಬೇಡ, ಅವ್ನು ಬಿದ್ಕೊಂಡಿರೋ ಫೋಟೋ ತೆಗೀಬೇಡ. ಕುಡಿತ ಬಿಡ್ಸೋ ವಿಚಾರ ಮಾತಾಡೋಕೆ 14416 ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ದುಡ್ಡು ಕೊಡೋ ಹಂಗಿಲ್ಲ, ನೀನೂ ಮಾಡ್ಬಹುದು, ಅವ್ನೂ ಮಾಡ್ಬಹುದು. ವಯಸ್ಸಿನ ಕಾನೂನು ತೆಗೆದು ಹೆದರ್ಸೋಕೆ ಮಾತ್ರ ಹೋಗ್ಬೇಡ. 21 ತುಂಬದೋರಿಗೆ ಮದ್ಯ ಮಾರಂಗಿಲ್ಲ ಅಂತ ನಮ್ಮ ರಾಜ್ಯದ ಅಬಕಾರಿ ನಿಯಮ ಇದೆ, 2023ರಲ್ಲಿ ಅದನ್ನ 18ಕ್ಕೆ ಇಳಿಸೋಕೆ ಹೊರಟ ಸರ್ಕಾರ ಆಕ್ಷೇಪಣೆ ಬಂದ್ಮೇಲೆ ಕೈಬಿಡ್ತು, ಆದ್ರೆ ಕೌಂಟರಲ್ಲಿ ವಯಸ್ಸು ಕೇಳೋರು ಯಾರು ಹೇಳು.

ಬೈಕ್ ವಿಷಯಕ್ಕೆ ಈ ನಿಧಾನ ಎಲ್ಲಾ ಬೇಡ. ಕೀ ಕಿತ್ತಿಟ್ಕೋ, ಕೊಡದಿದ್ರೆ ಅವತ್ತೇ ವಾರ್ಡನ್‌ಗೆ ಹೇಳು, ಚಾಡಿಕೋರ ಅಂದ್ರೆ ಅಂದ್ಕೊಳ್ಲಿ. ಪೊಲೀಸ್ರು ಹಿಡಿದ್ರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗ್ಬಹುದು, ಅದಾದ್ರೂ ಪರ್ವಾಗಿಲ್ಲ, ಹೈವೇನಲ್ಲಿ ರಾತ್ರಿ ಲಾರಿ ಹಿಂದೆ ಹೋಗಿ ಗುದ್ದಿದ್ರೆ? ಹಂಗೇ ಒಂದಿನ ಕುಡಿದು ಬಂದು ಅಲುಗಾಡಿಸಿದ್ರೂ ಏಳದಿದ್ರೆ, ಉಸಿರು ತೀರಾ ನಿಧಾನ ಆದ್ರೆ, ‘ಮಲಗ್ಲಿ ಬಿಡು, ಬೆಳಿಗ್ಗೆ ಸರಿ ಹೋಗ್ತಾನೆ’ ಅನ್ಬೇಡ. ಮಗ್ಗುಲಾಗಿ ಮಲಗ್ಸು, ಅಂಗಾತ ಮಲಗಿದ್ರೆ ವಾಂತಿ ಗಂಟಲಿಗೆ ಸಿಕ್ಕಿ ಉಸಿರು ಕಟ್ಟುತ್ತೆ. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರ ಸ್ನಾನ ಯಾವ್ದೂ ಮಾಡೋಕೆ ಹೋಗ್ಬೇಡ, 108ಕ್ಕೆ ಫೋನ್ ಮಾಡಿ ವಾರ್ಡನ್ ಬಾಗಿಲು ಬಡಿ.

ಪ್ರಶ್ನೆ: ಮೇಡಂ, ನನ್ ಮಗ ಬೇರೆ ಊರಲ್ಲಿ ಹಾಸ್ಟೆಲ್‌ನಲ್ಲಿದಾನೆ, ಫಸ್ಟ್ ಇಯರ್. ಸೀನಿಯರ್ಸ್ ರೂಮಿಗೆ ಕರ್ಸಿ ‘ಕುಡಿ’ ಅಂತ ಬಲವಂತ ಮಾಡ್ತಾರಂತೆ. ಕಂಪ್ಲೇಂಟ್ ಕೊಟ್ರೆ ಇನ್ನೂ ಜಾಸ್ತಿ ಮಾಡ್ತಾರೆ ಅಂತ ಅಳ್ತಾನೆ.
– ಒಬ್ಬ ತಾಯಿ, ಚಿತ್ರದುರ್ಗ

ಉತ್ತರ: ಅಮ್ಮಾ, ಮೇಲಿನ ಹುಡುಗನಿಗೆ ಹೇಳಿದ್ದು ನಿಮಗಲ್ಲ. ಇದು ರ‍್ಯಾಗಿಂಗ್, ಮಾತುಕತೆಯಲ್ಲಿ ಮುಗಿಸೋ ವಿಷಯವೇ ಅಲ್ಲ. 2009ರಲ್ಲಿ ಹಿಮಾಚಲದ ಒಂದು ಮೆಡಿಕಲ್ ಕಾಲೇಜಲ್ಲಿ ಕುಡಿದ ಸೀನಿಯರ್‌ಗಳು ಹೊಡೆದು ಒಬ್ಬ ಹುಡುಗನ ಜೀವ ಹೋಯ್ತು, ಕಾಲೇಜುಗಳಿಗೆ ನಿಯಮ ಮಾಡೋ ಯುಜಿಸಿ ರ‍್ಯಾಗಿಂಗ್ ನಿಯಮ ಬಿಗಿ ಮಾಡಿದ್ದೂ ಅದೇ ವರ್ಷ. ಅಡ್ಮಿಷನ್‌ ಟೈಮಲ್ಲಿ ನೀವೂ ಮಗನೂ ಸೈನ್ ಹಾಕಿರೋ ಅಫಿಡವಿಟ್ ಅದರದ್ದೇ, ಆ ಸೀನಿಯರ್‌ಗಳ ಅಪ್ಪ ಅಮ್ಮಂದ್ರೂ ಹಾಕಿರ್ತಾರೆ. ರ‍್ಯಾಗಿಂಗ್ ತಡೆ ಸಹಾಯವಾಣಿ 1800-180-5522ಕ್ಕೆ ಯಾವ ಹೊತ್ತಲ್ಲಾದ್ರೂ ಫೋನ್ ಮಾಡ್ಬಹುದು, ಮಗನ ಹೆಸರು ಹೇಳ್ಲೇಬೇಕು ಅಂತೇನಿಲ್ಲ. ಜೊತೆಗೆ ಪ್ರಿನ್ಸಿಪಾಲ್‌ಗೆ ದಿನಾಂಕ, ರೂಮ್ ನಂಬರ್ ಸಮೇತ ಬರವಣಿಗೇಲಿ ಕೊಡಿ, ಒಂದು ಕಾಪಿಗೆ ಸೀಲ್ ಹಾಕಿಸ್ಕೊಳ್ಳಿ. ನೀವಾಗ್ಲಿ ಅವರಪ್ಪ ಆಗ್ಲಿ ಈ ವಾರನೇ ಬಸ್ ಹತ್ತಿ, ಬಾಯಿಮಾತಲ್ಲಿ ‘ನೋಡ್ಕೋತೀವಿ ಬಿಡಿ’ ಅಂದ್ರೆ ಎದ್ದು ಬರ್ಬೇಡಿ.