ಹಂದಿ ಮಾಂಸಕ್ಕೆ ಜೇನುತುಪ್ಪ ಹಚ್ಚಿ ಕೆಂಡದ ಮೇಲೆ ಸುಟ್ಟರೆ ಹೊರಗೆ ಕರಕಲು, ಒಳಗೆ ಹಸಿ. ಎಲ್ಲಿ ತಪ್ಪುತ್ತಿದೆ?

ಜೇನುತುಪ್ಪ, ಸೋಯಾ ಸಾಸ್ ಕಲಸಿ ರಾತ್ರಿಯೆಲ್ಲಾ ನೆನೆಸಿಟ್ಟು, ಬೆಳಿಗ್ಗೆ ಸೀದಾ ಕೆಂಡದ ಮೇಲೆ ಇಟ್ಟೆ ಅಂತ ಬರೆದಿದ್ದೀರಿ. ಎಡವಟ್ಟು ಅಲ್ಲೇ ಆಗಿದೆ. ಸಿಹಿ ಕೊನೆಗೆ ಹಚ್ಚಬೇಕು.

ನಾನೂ ಮೊದಲ ಸಲ ಹೀಗೇ ಮಾಡಿದ್ದೆ. ದಾವಣಗೆರೆಯ ನಮ್ಮ ಮನೆಯಲ್ಲಿ ಅತ್ತೆ ಹಂದಿ ಮುಟ್ಟಲ್ಲ. ಹಾಗಾಗಿ ಇದರ ಪಾತ್ರೆ, ಸೌಟು ಬೇರೆ, ಒಲೆ ಟೆರೇಸ್ ಮೇಲೆ. ಅವತ್ತು ಹೊಗೆ ನೋಡಿ ಅತ್ತೆ ಮೂಗಿಗೆ ಸೆರಗು ಹಿಡಿದು ಮೆಟ್ಟಿಲ ಹತ್ತಿರ ಬಂದರು. "ಏನವ್ವಾ, ಶೇಂಗಾ ಉಂಡೆ ಮಾಡೋವಾಗ ಶೇಂಗಾ ಹುರಿದು ಆಮೇಲೆ ಪಾಕಕ್ಕೆ ಹಾಕ್ತೀವೋ, ಬೆಲ್ಲ ಹಚ್ಚಿ ಹುರೀತೀವೋ?" ಅಂದರು. ಹಂದಿ ತಿನ್ನದವರು ಹೇಳಿಕೊಟ್ಟ ಪಾಠ ಇದು!

ಸಕ್ಕರೆ 170 ಡಿಗ್ರಿ ಹತ್ತಿರ ಬಂದರೆ ಕಂದು ತಿರುಗುತ್ತದೆ, ಜೇನುತುಪ್ಪ ಅದಕ್ಕೂ ಮೊದಲೇ. ಕೆಂಡದ ಮೇಲಿನ ಜಾಲರಿ 200 ಡಿಗ್ರಿ ದಾಟಿರುತ್ತದೆ. ಮಾಂಸದ ಒಳಗೆ ಬಿಸಿ ಇಳಿಯುವಷ್ಟರಲ್ಲಿ ಹೊರಗಿನ ಸಿಹಿ ಸುಟ್ಟು ಕಹಿಯಾಗಿರುತ್ತದೆ.

ಈಗ ನಾನು ಮಾಡೋದು ಹೀಗೆ. ಒಂದು ಕೆಜಿ ಮಾಂಸ, ಭುಜದ ಭಾಗ, ಚರ್ಬಿ ಸಮೇತ. ಬರೀ ಕೆಂಪು ಮಾಂಸ ತಂದರೆ ಒಣಗಿ ನಾರಾಗುತ್ತದೆ. ಎರಡು ಬೆರಳು ದಪ್ಪದ ಉದ್ದ ಪಟ್ಟಿಗಳಾಗಿ ಕೊಯ್ಸಿ. ಉಪ್ಪು, ಶುಂಠಿ ಬೆಳ್ಳುಳ್ಳಿ, ಮೂರು ಚಮಚ ಸೋಯಾ ಸಾಸ್, ಜೊತೆಗೆ ಚಕ್ರಮೊಗ್ಗು, ಚಕ್ಕೆ, ಲವಂಗ, ಸೋಂಪು, ಕಾಳುಮೆಣಸಿನ ಪುಡಿ ಒಂದು ಚಮಚ. ಚೀನಾದ ಕ್ಯಾಂಟನ್ ಕಡೆಯವರು ಮಾಡುವ ಚಾರ್ ಸಿಯು ಅನ್ನೋ ಸಿಹಿ ಸುಟ್ಟ ಹಂದಿ ಮಾಂಸಕ್ಕೆ ಹೆಚ್ಚುಕಡಿಮೆ ಇದೇ ಮಸಾಲೆ. ಸಿಹಿ ಇನ್ನೂ ಬೇಡ. ರಾತ್ರಿ ಫ್ರಿಜ್‌ನಲ್ಲಿಡಿ.

ಮರುದಿನ ಒಂದು ಲೋಟ ನೀರು ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ. ಕುಕ್ಕರ್‌ನಲ್ಲಿ ಸೀಟಿ ಹೊಡೆಸಿದರೆ ಜಾಲರಿ ಮೇಲೆ ಪುಡಿಪುಡಿಯಾಗುತ್ತದೆ. ಹಂದಿ ಹಸಿ ಉಳಿದರೆ ಲಾಡಿಹುಳದ ಭಯ ಇದೆ, ಈ ವಿಷಯದಲ್ಲಿ ಅವಸರ ಬೇಡ. ಥರ್ಮಾಮೀಟರ್ ಇದ್ದರೆ ನಡುಭಾಗ 71 ಡಿಗ್ರಿ ಆಗಲಿ.

ಮಾಂಸ ತೆಗೆದ ಮೇಲೆ ಉಳಿದ ರಸಕ್ಕೆ ನೂರು ಗ್ರಾಂ ಬೆಲ್ಲ ಹಾಕಿ ಕುದಿಸಿ. ನಾನು ಮಲೆನಾಡಿನ ಜೋನಿ ಬೆಲ್ಲ ಹಾಕುತ್ತೇನೆ. ಜೇನಿಗಿಂತ ಅದರ ಬಣ್ಣ ಗಾಢ, ರುಚಿಯೂ ಬರೀ ಸಿಹಿಯಲ್ಲ. ಒಂದು ಚಮಚ ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿರಸ, ಸಿಕ್ಕರೆ ಭಾಗ್ಯ, ಇಲ್ಲದಿದ್ದರೆ ಅರ್ಧ ನಿಂಬೆಹಣ್ಣು. ಸೌಟಿನಿಂದ ಸುರಿದರೆ ಹನಿ ಹನಿಯಾಗದೆ ದಾರದ ಹಾಗೆ ಇಳಿಯಬೇಕು. ಅಷ್ಟಾದರೆ ಇಳಿಸಿ.

ಇದ್ದಿಲು ಇಸ್ತ್ರಿ ಅಂಗಡಿಯಿಂದ ತರುತ್ತೇನೆ. ಕೆಂಡದ ಮೇಲೆ ಬೂದಿ ಕಟ್ಟುವ ತನಕ ಕಾಯಿರಿ, ಉರಿ ಏಳುವಾಗ ಇಡಬೇಡಿ. ಮೊದಲು ಬರೀ ಮಾಂಸ ಎರಡೂ ಕಡೆ ಸುಟ್ಟು, ಆಮೇಲೆ ಪಾಕ ಸವರಿ. ಬ್ರಶ್ ಬೇಕಿಲ್ಲ. ದೋಸೆ ಹಂಚಿಗೆ ಎಣ್ಣೆ ಸವರುವ ಹಾಗೆ, ಅರ್ಧ ಈರುಳ್ಳಿಯನ್ನು ಫೋರ್ಕಿಗೆ ಚುಚ್ಚಿ ಪಾಕದಲ್ಲಿ ಅದ್ದಿ ಎಳೆದರೆ ಸಾಕು. ಸವರಿದ ಕೂಡಲೇ ಮಗುಚಿ, ಅರ್ಧ ನಿಮಿಷ ಬಿಟ್ಟು ಇನ್ನೊಂದು ಕಡೆ. ಹೀಗೆ ಮೂರು ಸಲ. ಪಾಕ ಸಣ್ಣ ಗುಳ್ಳೆ ಎದ್ದು, ಅಂಚು ಮಾತ್ರ ಕಪ್ಪಾಗಿ, ಉಳಿದದ್ದು ಮಿರಮಿರ ಮಿಂಚುತ್ತಿದ್ದರೆ ತೆಗೆಯಿರಿ. ಹತ್ತು ನಿಮಿಷ ಬಿಟ್ಟು ಕೊಯ್ಯಿರಿ. ಮಕ್ಕಳು ಕಾಯಲ್ಲ, ನಮ್ಮನೇಲೂ ಕಾಯಲ್ಲ.

ನಾವು ಜೋಳದ ರೊಟ್ಟಿ, ಹಸಿ ಈರುಳ್ಳಿ ಜೊತೆ ತಿನ್ನುತ್ತೇವೆ. ನಿಮಗೆ ಟೆರೇಸ್ ಇಲ್ಲ ಅಂದರೆ ಕಬ್ಬಿಣದ ದೋಸೆ ಹಂಚಿನ ಮೇಲೂ ಆಗುತ್ತದೆ. ಹೊಗೆಯ ವಾಸನೆ ಬರಲ್ಲ ಅಷ್ಟೆ. ಹಂಚನ್ನು ಬಿಸಿ ಇರುವಾಗಲೇ ನೀರು ಹಾಕಿ ಕೆರೆದುಬಿಡಿ, ಪಾಕ ತಣ್ಣಗಾಗಿ ಕಚ್ಚಿಕೊಂಡರೆ ಆಮೇಲೆ ಬಿಡೋದು ಕಷ್ಟ.