ಓದುಗರ ಪ್ರಶ್ನೆ: ಏರಿಳಿತ ಕಡಿಮೆಯಿರುವ ಷೇರುಗಳನ್ನು ಸೋಸುವುದು ಹೇಗೆ?

ಪ್ರಶ್ನೆ: ಮಾನ್ಯರೇ, ನಾನು ಗಣಿತ ಕಲಿಸಿ ನಿವೃತ್ತನಾದವನು. ಬೆಲೆ ಹೆಚ್ಚು ಏರಿಳಿಯದ ಷೇರುಗಳನ್ನು ಹುಡುಕುವ ಉದ್ದೇಶದಿಂದ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ (ಎನ್‌ಎಸ್‌ಇ) ಒಂದು ವರ್ಷದ ಭಾವ್ ಕಾಪಿಗಳನ್ನು, ಅಂದರೆ ದಿನದಿನದ ಷೇರು ದರಪಟ್ಟಿಗಳನ್ನು, ಇಳಿಸಿಕೊಂಡು, ಪ್ರತಿ ಷೇರಿನ ದೈನಿಕ ಶೇಕಡಾ ಬದಲಾವಣೆಯ ಮಾನಕ ವಿಚಲನೆಯನ್ನು (ಬದಲಾವಣೆಗಳು ತಮ್ಮ ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿದೆ. ವಹಿವಾಟು ನಡೆಯದ ದಿನಗಳಲ್ಲಿ ಹಿಂದಿನ ದಿನದ ದರವನ್ನೇ ತುಂಬಿದೆ. ಹೆಸರಾಂತ ಕಂಪನಿಗಳು ಮೇಲೆ ಬರಬಹುದೆಂದು ನಿರೀಕ್ಷಿಸಿದ್ದರೆ, ಬಂದದ್ದು ನಾನೆಂದೂ ಕೇಳದ ಹೆಸರುಗಳು. ಬೋನಸ್ ಷೇರು ಕೊಟ್ಟ ಒಂದು ದೊಡ್ಡ ಕಂಪನಿ ಮಾತ್ರ ತಳಕ್ಕೆ ಹೋಗಿದೆ. ಲೆಕ್ಕದಲ್ಲಿ ತಪ್ಪೇನಿದೆ?
– ನಿವೃತ್ತ ಅಧ್ಯಾಪಕರು, ಕುಂಜಿಬೆಟ್ಟು, ಉಡುಪಿ

ಉತ್ತರ: ನಿಮ್ಮ ಸೂತ್ರ ಸರಿಯಾಗಿಯೇ ಇದೆ, ಆ ಸೂತ್ರಕ್ಕೆ ಒಪ್ಪಿಸಿದ ಅಂಕಿಗಳನ್ನು ಮೊದಲೇ ಸೋಸಬೇಕಿತ್ತು. ಭಾವ್ ಕಾಪಿಯಲ್ಲಿ ಆ ದಿನ ವಹಿವಾಟು ನಡೆದವುಗಳ ದರ ಮಾತ್ರ ಇರುತ್ತದೆ. ವಾರಕ್ಕೊಮ್ಮೆ ಕೈಬದಲಾಗುವ ಷೇರಿಗೆ ಉಳಿದ ದಿನಗಳಲ್ಲಿ ಹಳೆಯ ದರವನ್ನೇ ತುಂಬಿದರೆ ಬದಲಾವಣೆ ಸೊನ್ನೆಯಾಗುತ್ತದೆ, ಸೊನ್ನೆಗಳು ಹೆಚ್ಚಿದಂತೆ ವಿಚಲನೆ ಕುಗ್ಗುತ್ತದೆ. ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಮಲ್ಪೆ ಬಂದರಿನಲ್ಲಿ ಕಟ್ಟಿಹಾಕಿದ ಬೋಟುಗಳು ನಿಶ್ಚಲವಾಗಿವೆ ಎಂಬ ಕಾರಣಕ್ಕೆ ಕಡಲು ಶಾಂತವಾಗಿದೆ ಎಂದು ಯಾರೂ ಹೇಳುವುದಿಲ್ಲವಷ್ಟೆ. ಅಂಥ ಷೇರನ್ನು ನೀವು ಮಾರಲು ಹೊರಟ ದಿನವೇ ಅದರ ನಿಜವಾದ ಏರಿಳಿತ ತಿಳಿಯುವುದು.

ಇದಕ್ಕಿಂತ ಅಪಾಯಕಾರಿಯಾದದ್ದು ಸರ್ಕ್ಯೂಟ್‌ನಲ್ಲಿ ಸಿಕ್ಕಿಕೊಂಡ ಷೇರು. ಅನೇಕ ಷೇರುಗಳಿಗೆ ದಿನಕ್ಕೆ ಶೇ. 2, 5, 10 ಅಥವಾ 20ರ ಬೆಲೆಮಿತಿ ಇರುತ್ತದೆ. ಶೇ. 2ರ ಮಿತಿಯಿರುವ ಒಂದು ಷೇರು ಸತತ 30 ವಹಿವಾಟಿನ ದಿನಗಳಲ್ಲಿ ಲೋವರ್ ಸರ್ಕ್ಯೂಟ್, ಅಂದರೆ ಆ ದಿನ ಇಳಿಯಬಹುದಾದ ಕೊನೆಯ ಮಿತಿ, ಮುಟ್ಟಿತೆಂದು ಭಾವಿಸಿ. 100 ರೂಪಾಯಿಯ ಷೇರು ಸುಮಾರು 54 ರೂಪಾಯಿ 50 ಪೈಸೆಗೆ ಬಂದು ನಿಂತಿರುತ್ತದೆ. ಆದರೆ ಪ್ರತಿದಿನದ ಬದಲಾವಣೆ ಒಂದೇ ಆಗಿರುವುದರಿಂದ ಆ 30 ದಿನಗಳ ಮಾನಕ ವಿಚಲನೆ ಹೆಚ್ಚುಕಡಿಮೆ ಸೊನ್ನೆ. ಮಾನಕ ವಿಚಲನೆ ಅಳೆಯುವುದು ಸರಾಸರಿಯಿಂದ ಆಗುವ ದೂರವನ್ನೇ ಹೊರತು ನಷ್ಟವನ್ನಲ್ಲ ಎಂಬುದನ್ನು ಗಣಿತದ ಮೇಷ್ಟ್ರಿಗೆ ನಾನು ಹೇಳಬೇಕಾಗಿಲ್ಲ; ಆದರೂ ಷೇರು ಪಟ್ಟಿಯ ಮುಂದೆ ಕುಳಿತಾಗ ಬಹಳ ಮಂದಿ ಮರೆಯುವುದು ಇದನ್ನೇ. ಆದ್ದರಿಂದ ವಿಚಲನೆಯ ಪಕ್ಕದಲ್ಲೇ, ವರ್ಷದ ಅತಿ ಎತ್ತರದ ದರದಿಂದ ಷೇರು ಎಷ್ಟು ಕುಸಿದಿದೆ ಎಂಬ ಇನ್ನೊಂದು ಅಂಕಣವನ್ನು ಇಟ್ಟುಕೊಳ್ಳಿ.

ಮೂರನೆಯ ಬಗೆ ಓಪನ್ ಆಫರ್‌ನದು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ 2011ರ ನಿಯಮಾವಳಿಯ ಪ್ರಕಾರ ಒಬ್ಬರು ಕಂಪನಿಯೊಂದರ ಶೇ. 25 ಅಥವಾ ಅದಕ್ಕಿಂತ ಹೆಚ್ಚು ಮತಾಧಿಕಾರ ಪಡೆಯಲು ಹೊರಟರೆ, ಉಳಿದ ಷೇರುದಾರರಿಂದ ಕನಿಷ್ಠ ಶೇ. 26ರಷ್ಟನ್ನು ಕೊಳ್ಳುವ ಪ್ರಸ್ತಾವವನ್ನು ಮುಂದಿಡಬೇಕಾಗುತ್ತದೆ. ಪ್ರಸ್ತಾವದ ಬೆಲೆ ಘೋಷಣೆಯಾದ ಮೇಲೆ ಪೇಟೆಯ ದರ ಹಲವು ಬಾರಿ ಅದರ ಆಸುಪಾಸಿನಲ್ಲೇ ತಿಂಗಳುಗಟ್ಟಲೆ ಅಂಟಿಕೊಂಡಿರುತ್ತದೆ, ಪ್ರಸ್ತಾವ ಮುಗಿದೊಡನೆ ಆ ಆಸರೆ ತಪ್ಪುತ್ತದೆ. ಲಿಕ್ವಿಡ್ ಬೀಸ್‌ನಂಥ ಇಟಿಎಫ್‌ಗಳೂ (ಷೇರಿನಂತೆ ಪೇಟೆಯಲ್ಲಿ ಕೊಂಡು ಮಾರುವ ನಿಧಿಗಳು) ನಿಮ್ಮ ಪಟ್ಟಿಯ ತಲೆಯಲ್ಲಿ ಕುಳಿತಿರಬಹುದು. ಲಿಕ್ವಿಡ್ ಬೀಸ್‌ನ ದರ 1000 ರೂಪಾಯಿಯ ಸುತ್ತಲೇ ಇರುವಂತೆ ರೂಪಿಸಿದ್ದು, ಅದು ಕಂಪನಿಯ ಷೇರೇ ಅಲ್ಲ.

ತಳಕ್ಕೆ ಹೋದ ದೊಡ್ಡ ಕಂಪನಿಯ ಕಾರಣ ಸರಳವಾದದ್ದು. ಭಾವ್ ಕಾಪಿಯ ಹಳೆಯ ದರಗಳು ಬೋನಸ್ ಅಥವಾ ಮುಖಬೆಲೆ ವಿಭಜನೆಗೆ ಹೊಂದಿಸಿದವುಗಳಲ್ಲ. ಒಂದಕ್ಕೊಂದು ಬೋನಸ್, ಅಂದರೆ ಇರುವ ಪ್ರತಿ ಷೇರಿಗೆ ಇನ್ನೊಂದನ್ನು ಉಚಿತವಾಗಿ, ಕೊಟ್ಟ ದಿನ ದರ ಅರ್ಧಕ್ಕಿಳಿಯುತ್ತದೆ, ನಿಮ್ಮ ಹಾಳೆ ಅದನ್ನು ಶೇ. 50ರ ಕುಸಿತವೆಂದು ಓದುತ್ತದೆ. ಆ ದಿನಕ್ಕಿಂತ ಹಿಂದಿನ ಎಲ್ಲ ದರಗಳನ್ನು ಎರಡರಿಂದ ಭಾಗಿಸಿದರೆ ಸಾಕು.

ಹಾಗಾಗಿ ಲೆಕ್ಕಕ್ಕೆ ಮೊದಲೇ ಇಟಿಎಫ್‌ಗಳನ್ನು, ಬಿಇ ಸರಣಿಯಲ್ಲಿರುವ (ಕೊಂಡ ದಿನವೇ ಮಾರಲು ಅವಕಾಶವಿಲ್ಲದ) ಷೇರುಗಳನ್ನು ಮತ್ತು ವರ್ಷದಲ್ಲಿ ಒಂದು ದಿನವಾದರೂ ವಹಿವಾಟು ತಪ್ಪಿದವನ್ನು ತೆಗೆದುಹಾಕಿ. ದಿನಕ್ಕೆ ಐದು ಕೋಟಿ ರೂಪಾಯಿಗಿಂತ ಕಡಿಮೆ ವಹಿವಾಟಿರುವವನ್ನೂ ನಾನಾದರೆ ಬಿಡುತ್ತೇನೆ. ಅದು ನನ್ನ ಅಂದಾಜು, ನಿಯಮವಲ್ಲ. ನಿಫ್ಟಿ 100 ಲೋ ವೊಲಟಿಲಿಟಿ 30 ಸೂಚ್ಯಂಕ ಈ ತೊಡಕುಗಳಲ್ಲಿ ಹೆಚ್ಚಿನವನ್ನು ಆರಂಭದಲ್ಲೇ ತಪ್ಪಿಸಿಕೊಳ್ಳುತ್ತದೆ: ಅದು ನೂರು ದೊಡ್ಡ ಕಂಪನಿಗಳೊಳಗೇ ಹುಡುಕುತ್ತದೆ, ಒಂದು ವರ್ಷದ ದೈನಿಕ ಬದಲಾವಣೆಯ ವಿಚಲನೆಯನ್ನು ನೋಡುತ್ತದೆ, ಏರಿಳಿತ ಕಡಿಮೆಯಿದ್ದಷ್ಟೂ ಹೆಚ್ಚು ತೂಕ ಕೊಡುತ್ತದೆ. ನಿಮ್ಮ ಪಟ್ಟಿಯನ್ನು ಅದರೊಂದಿಗೆ ತಾಳೆ ನೋಡಿ. ದೈನಿಕ ವಿಚಲನೆಯನ್ನು ವಾರ್ಷಿಕಕ್ಕೆ ತರಲು 250ರ ವರ್ಗಮೂಲದಿಂದ ಗುಣಿಸುತ್ತಾರೆ; ದಿನಕ್ಕೆ ಶೇ. 1 ಎಂದರೆ ವರ್ಷಕ್ಕೆ ಸುಮಾರು ಶೇ. 15.8.

ಇದೇ ವಿಧಾನ ಹತ್ತು ವರ್ಷ ಹಿಂದೆ ಫಲ ಕೊಡುತ್ತಿತ್ತೇ ಎಂದು ಪರೀಕ್ಷಿಸುವ ಮನಸ್ಸಾದರೆ, ಇಂದಿನ ಕಂಪನಿಗಳ ಪಟ್ಟಿಯಿಂದ ಹೊರಡಬೇಡಿ. ನಮ್ಮ ಕರಾವಳಿಯ ಮನೆಮನೆಗಳಲ್ಲಿದ್ದ ವಿಜಯಾ ಬ್ಯಾಂಕ್ ಷೇರು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳ ಷೇರುಗಳು 2020ರ ಏಪ್ರಿಲ್ 1ರಂದು ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕುಗಳಲ್ಲಿ ಲೀನವಾದವು. ಇಂದಿನ ಪಟ್ಟಿಯಲ್ಲಿ ಅವುಗಳ ಸುಳಿವೇ ಇಲ್ಲ, ಆದರೆ ಅಂದು ಕೊಳ್ಳುವವನ ಮುಂದೆ ಅವೂ ಇದ್ದವು.

ಪ್ರಶ್ನೆ: ಇಷ್ಟೆಲ್ಲ ಲೆಕ್ಕದ ಬದಲು, ಬೀಟಾ 1ಕ್ಕಿಂತ ಕಡಿಮೆಯಿರುವ ಷೇರುಗಳನ್ನು ಆರಿಸಿಕೊಂಡರೆ ಸಾಲದೇ?
– ಗೃಹಿಣಿ, ಸುರತ್ಕಲ್

ಉತ್ತರ: ಸಾಲದು. ಬೀಟಾ ಹೇಳುವುದು ಪೇಟೆಯೊಡನೆ ಷೇರು ಎಷ್ಟು ಚಲಿಸುತ್ತದೆ ಎಂಬುದನ್ನು ಮಾತ್ರ. ಪೇಟೆಯ ವಾರ್ಷಿಕ ಏರಿಳಿತ ಶೇ. 16, ಷೇರಿನದು ಶೇ. 40, ಅವೆರಡರ ಸಹಸಂಬಂಧ (ಎರಡೂ ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬುದು) 0.2 ಎಂದಿಟ್ಟುಕೊಂಡರೆ, 40ನ್ನು 16ರಿಂದ ಭಾಗಿಸಿ 0.2ರಿಂದ ಗುಣಿಸಿದಾಗ ಬೀಟಾ 0.5 ಬರುತ್ತದೆ. ನೋಡಲು ಸಾಧುವಾದ ಅಂಕಿ, ಆದರೆ ಷೇರು ಪೇಟೆಯ ಎರಡೂವರೆ ಪಟ್ಟು ಕುಣಿಯುತ್ತಿರುತ್ತದೆ. ಬೀಟಾ ಕಡಿಮೆಯಿರುವ ಷೇರುಗಳು ಸಿದ್ಧಾಂತ ಹೇಳುವುದಕ್ಕಿಂತ ಹೆಚ್ಚು ಪ್ರತಿಫಲ ಕೊಟ್ಟಿದ್ದನ್ನು 1972ರಷ್ಟು ಹಿಂದೆಯೇ ಬ್ಲ್ಯಾಕ್, ಜೆನ್ಸನ್ ಮತ್ತು ಶೋಲ್ಸ್ ಅಮೆರಿಕದ ಪೇಟೆಯಲ್ಲಿ ತೋರಿಸಿದ್ದು ನಿಜ. ಆದರೆ ಅದು ಷೇರುಗಳ ದೊಡ್ಡ ಗುಂಪುಗಳ ಮಾತು, ನೀವು ಕೊಳ್ಳುವ ಮೂರು ನಾಲ್ಕು ಷೇರುಗಳದ್ದಲ್ಲ. ಪಟ್ಟಿ ಬದಲಾದಾಗಲೆಲ್ಲ ಮಾರಿ ಕೊಳ್ಳುವ ಯೋಚನೆಯಿದ್ದರೆ, ಹನ್ನೆರಡು ತಿಂಗಳೊಳಗೆ ಮಾರಿದ ಷೇರಿನ ಲಾಭಕ್ಕೆ 2024ರ ಜುಲೈ 23ರಿಂದ ಶೇ. 20ರ ತೆರಿಗೆ ಇದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.