ಕೂಡದ ರಸ್ತೆಗಳು, ಹರಡುವ ನಗರ

ಪ್ರಶ್ನೆ: ನಗರಗಳು ಹೊರಕ್ಕೆ ಬೆಳೆದಂತೆ ಹೊಸ ಬಡಾವಣೆಗಳ ರಸ್ತೆಗಳು ಒಂದಕ್ಕೊಂದು ಕೂಡದೆ ನಿಂತುಬಿಡುವುದೇಕೆ? ಕಾಲಕ್ರಮದಲ್ಲಿ ಇದು ಸರಿಹೋಗುವುದೇ?

ಉತ್ತರ: ನಗರದ ಹರಡುವಿಕೆಯನ್ನು ವಿಸ್ತೀರ್ಣದಿಂದಷ್ಟೇ ಅಳೆದರೆ ಸಾಲದು, ರಸ್ತೆಗಳು ಎಷ್ಟು ಕೂಡಿವೆ ಎಂಬುದನ್ನೂ ನೋಡಬೇಕು. ನಾಲ್ಕು ರಸ್ತೆ ಕೂಡುವಲ್ಲಿಗೆ 4, ಮೂರು ಕೂಡುವಲ್ಲಿಗೆ 3, ಮುಂದೆ ದಾರಿಯಿಲ್ಲದ ಬೀದಿಯ ತುದಿಗೆ 1 ಎಂದು ಎಣಿಸಿ ಸರಾಸರಿ ತೆಗೆದರೆ, ಬೇರೆ ಬೇರೆ ದಶಕಗಳಲ್ಲಿ ಬೆಳೆದ ಭಾಗಗಳನ್ನು ಹೋಲಿಸಬಹುದು; ಸರಾಸರಿ ಹೆಚ್ಚಿದ್ದಷ್ಟೂ ಜೋಡಣೆ ಉತ್ತಮ. ಅಮೆರಿಕದಲ್ಲಿ 1929ರ ರಾಡ್‌ಬರ್ನ್ ಬಡಾವಣೆ ವಾಹನಗಳ ಓಡಾಟದಿಂದ ಮನೆಗಳನ್ನು ದೂರವಿಡಲು ಮುಚ್ಚಿದ ಬೀದಿಗಳನ್ನು, ಅಂದರೆ ಒಂದು ತುದಿಯಲ್ಲಿ ಮುಂದೆ ದಾರಿಯಿಲ್ಲದ ಬೀದಿಗಳನ್ನು, ಬಳಸಿತು. ಆದರೆ ಅಲ್ಲಿ ನಡೆಯುವವರಿಗೆ ಪ್ರತ್ಯೇಕ ಕಾಲುದಾರಿಗಳಿದ್ದವು. ನಂತರದವರು ಮುಚ್ಚಿದ ಬೀದಿಯನ್ನು ಅನುಕರಿಸಿ ಕಾಲುದಾರಿಯನ್ನು ಕೈಬಿಟ್ಟದ್ದು ದೊಡ್ಡ ನಷ್ಟವೆಂದೇ ನನ್ನ ಅಭಿಪ್ರಾಯ. ಹೀಗಾಗಿ ಹಿತ್ತಲ ಗೋಡೆ ಒಂದೇ ಆಗಿರುವ ಎರಡು ಮನೆಗಳ ನಡುವೆಯೂ ಮುಖ್ಯರಸ್ತೆಯವರೆಗೆ ಹೋಗಿ ಸುತ್ತಿಬರಬೇಕಾಗುತ್ತದೆ. ನಡೆಯಬಹುದಾಗಿದ್ದ ದೂರಕ್ಕೂ ವಾಹನ ಬೇಕಾಗುತ್ತದೆ, ಬಸ್ಸಿಗೂ ಒಳಗೆ ನೇರ ಮಾರ್ಗ ಸಿಗುವುದಿಲ್ಲ.

ಅಮೆರಿಕದಲ್ಲಿ ಹೊಸ ರಸ್ತೆಗಳ ಜೋಡಣೆ 1990ರ ದಶಕದ ಮಧ್ಯಭಾಗದವರೆಗೆ ಕುಸಿದು, ಆನಂತರ ತುಸು ಚೇತರಿಸಿಕೊಂಡಿದೆ. ಆದರೆ ಈ ಚೇತರಿಕೆ ಹೊಸ ಬಡಾವಣೆಗಳದ್ದು, ಹಳೆಯವುಗಳದ್ದಲ್ಲ. ಕಟ್ಟಡ ಹಳೆಯದಾದರೆ ಕೆಡವಿ ಕಟ್ಟಬಹುದು. ನಿವೇಶನಗಳು ನೂರಾರು ಮಾಲೀಕರಿಗೆ ಹಂಚಿಹೋದ ಮೇಲೆ ಅವುಗಳ ನಡುವೆ ರಸ್ತೆ ಬಿಡಿಸುವುದು ಬಹಳ ಕಷ್ಟ. ಆದ್ದರಿಂದ ನಕ್ಷೆಗೆ ಅನುಮೋದನೆ ನೀಡುವಾಗಲೇ ಗಡಿಯವರೆಗಿನ ರಸ್ತೆಗಳನ್ನು ಪಕ್ಕದ ಜಮೀನಿಗೆ ತೆರೆದಿಡುವಂತೆ ಕಡ್ಡಾಯ ಮಾಡಬೇಕು. ಈಗಾಗಲೇ ಮುಚ್ಚಿಹೋದ ಕಡೆ, ಎರಡು ನಿವೇಶನಗಳ ನಡುವೆ ಒಂದು ಕಾಲುದಾರಿಯನ್ನಾದರೂ ತೆರೆಯಲು ಪ್ರಯತ್ನಿಸಬಹುದು.